ಒಂದು ಬೆಂಚಿಗೆ ಒಂಬತ್ತು ತಿಂಗಳು: ಇಂಗ್ಲೆಂಡಿನ ಹಳ್ಳಿ ಕೌನ್ಸಿಲ್ ಒಳಗೆ ಏನು ನಡೆಯುತ್ತೆ?

ಕೊಡೆಮರೆತವಳು:
ನಾನು ತಿಪಟೂರು ಕಡೆಯವಳು. ಈಗ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನ ಒಂದು ಹಳ್ಳೀಲಿದ್ದೀನಿ. ಮುನ್ನೂರು ಮನೆ, ಒಂದು ಪಬ್ಬು, ಒಂದು ಚರ್ಚು, ಎರಡು ಗಂಟೆಗೊಂದು ಬಸ್ಸು, ಅಷ್ಟೇ ಊರು. ಇಲ್ಲಿನ ಪ್ಯಾರಿಷ್ ಕೌನ್ಸಿಲ್ ಸದಸ್ಯೆಯಾಗಿ ಎರಡು ವರ್ಷ ಆಯ್ತು. ಹೋದ ವಾರ ಬಸ್ ಸ್ಟಾಪ್ ಪಕ್ಕ ಒಂದು ಬೆಂಚು ಕೂರಿಸಿದ್ವಿ. ಅದರ ಮಾತು ಶುರುವಾಗಿದ್ದು ಹಿಂದಿನ ಸೆಪ್ಟೆಂಬರ್‌ನಲ್ಲಿ. ಫೋನಲ್ಲಿ ಅಮ್ಮನಿಗೆ ಹೇಳಿದ್ರೆ "ಒಂದು ಬೆಂಚಿಗೆ ಒಂಬತ್ತು ತಿಂಗಳಾ? ಅಷ್ಟರಲ್ಲಿ ಮಗು ಹುಟ್ಟುತ್ತಲ್ಲೇ" ಅಂದ್ರು. ಅಮ್ಮನಿಗೆ ಸರಿಯಾಗಿ ಉತ್ತರ ಕೊಡೋಕಾಗ್ಲಿಲ್ಲ, ಇಲ್ಲಿ ಬರೀತಿದ್ದೀನಿ.

ನಾನು ಚುನಾವಣೆ ಗೆದ್ದು ಬಂದವಳಲ್ಲ. ಒಬ್ಬರು ರಾಜೀನಾಮೆ ಕೊಟ್ರು. ಸ್ಥಾನ ಖಾಲಿ ಇದೆ ಅಂತ ನೋಟೀಸು ಹಚ್ಚಿದ್ರು. ಹದಿನಾಲ್ಕು ಕೆಲಸದ ದಿನದೊಳಗೆ ಹತ್ತು ಮತದಾರರು ಬರೆದು ಕೇಳಿದ್ರೆ ಚುನಾವಣೆ ಆಗ್ಬೇಕು. ಯಾರೂ ಕೇಳ್ಲಿಲ್ಲ. ಆಗ ಕೌನ್ಸಿಲ್ಲೇ ಒಬ್ಬರನ್ನ ಸೇರಿಸ್ಕೋಬಹುದು, ಇದಕ್ಕೆ ಕೋ-ಆಪ್ಷನ್ ಅಂತಾರೆ. ಅರ್ಜಿ ಹಾಕಿದವಳು ನಾನೊಬ್ಬಳೇ. ಇದ್ದವರು ಕೈ ಎತ್ತಿದ್ರು, ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ದೆ, ಕೂತೆ.

ನಾವು ಏಳು ಜನ. ಯಾರಿಗೂ ಸಂಬಳ ಇಲ್ಲ. ಸಂಬಳ ಇರೋದು ಕ್ಲರ್ಕ್ ಒಬ್ಬರಿಗೇ, ಅದೂ ವಾರಕ್ಕೆ ಎಂಟು ಗಂಟೆಗೆ. ಗುಮಾಸ್ತೆ ಅಂತ ತಿಳ್ಕೋಬೇಡಿ. ನೋಟೀಸು ಕೊಡೋದು, ಅಜೆಂಡಾ ಮಾಡೋದು, ನಡಾವಳಿ ಬರೆಯೋದು, ಲೆಕ್ಕ ಇಡೋದು, ಅಧ್ಯಕ್ಷರಿಗೆ "ಹೀಗೆ ಮಾಡೋಕೆ ಬರಲ್ಲ" ಅನ್ನೋದು, ಎಲ್ಲ ಅವರೇ. ಮತ ಮಾತ್ರ ಇಲ್ಲ.

ಸೆಪ್ಟೆಂಬರ್ ಸಭೆಯಲ್ಲಿ ಸಾರ್ವಜನಿಕರು ಮಾತಾಡೋ ಹದಿನೈದು ನಿಮಿಷದಲ್ಲಿ ಒಬ್ಬ ಹೆಂಗಸು ಎದ್ದು ನಿಂತ್ರು. ಅವರ ತಾಯಿ ತೀರ್ಕೊಂಡಿದ್ರು. ಕೊನೆಯ ವರ್ಷಗಳಲ್ಲಿ ಬಸ್ಸಿಗೆ ಕಾಯ್ತಾ ಗೋಡೆಗೆ ಒರಗಿ ನಿಲ್ತಿದ್ರಂತೆ. ಅಲ್ಲೊಂದು ಬೆಂಚು ಹಾಕಿಸಿ, ಅರ್ಧ ದುಡ್ಡು ನಮ್ಮದು ಅಂದ್ರು. ಏಳೂ ಜನ ತಲೆದೂಗಿದ್ವಿ. ನಾನು ಹೊಸಬಳು, "ಹಾಗಾದ್ರೆ ಈಗಲೇ ತೀರ್ಮಾನ ಮಾಡೋಣ" ಅಂದೆ. ಕ್ಲರ್ಕ್ ಕನ್ನಡಕದ ಮೇಲಿಂದ ನೋಡಿ, ಅಜೆಂಡಾದಲ್ಲಿ ಇಲ್ಲ, ಆಗಲ್ಲ ಅಂದ್ರು. ಆ ರಾತ್ರಿ ನನಗೆ ನಿಜವಾಗ್ಲೂ ಸಿಟ್ಟು ಬಂತು.

ಕುಡ್ಲದವ:
ಒಂದು ನಿಮಿಷ. ಪ್ಯಾರಿಷ್ ಅಂದ್ರೆ ಚರ್ಚಿನದ್ದಲ್ವಾ ಮಾರಾಯ್ರೆ? ನಮ್ಮಲ್ಲಿ ಚರ್ಚ್ ಪಾಲನಾ ಮಂಡಳಿ ಅಂತ ಉಂಟು. ಧರ್ಮಗುರುಗಳೇ ಅಧ್ಯಕ್ಷರು, ಉಪಾಧ್ಯಕ್ಷರು ಜನರಲ್ಲೊಬ್ಬರು, ಪ್ರತಿ ವಾಳೆಗೂ, ಅಂದ್ರೆ ಚರ್ಚಿನ ವಾರ್ಡಿಗೂ, ಗುರಿಕಾರರು ಅಂತ ಮುಖ್ಯಸ್ಥರು. ನೀವು ಹೇಳುವುದು ಅದೇಯಾ?

ಕೊಡೆಮರೆತವಳು:
ಅಲ್ಲ. ಹೆಸರು ಮಾತ್ರ ಅದೇ. ಹಿಂದೆ ಇಲ್ಲಿ ಊರಿನ ರಸ್ತೆ, ಬಡವರ ಪಾಲನೆ ಇಂಥದ್ದನ್ನೂ ಚರ್ಚಿನ ಸುತ್ತ ಸೇರುತ್ತಿದ್ದ 'ವೆಸ್ಟ್ರಿ' ಅನ್ನೋ ಸಭೆಯೇ ನೋಡ್ಕೊಳ್ತಿತ್ತು. 1894ರ ಕಾಯ್ದೆ ಬಂದು ಊರಿನ ಕೆಲಸವನ್ನ ಚರ್ಚಿನಿಂದ ಬೇರೆ ಮಾಡ್ತು, ಜನ ಆರಿಸೋ ಪ್ಯಾರಿಷ್ ಕೌನ್ಸಿಲ್ ಬಂತು. ಚರ್ಚಿಗೆ ತನ್ನದೇ ಸಮಿತಿ ಬೇರೆ ಇದೆ. ನಮ್ಮೂರಿನ ಪಾದ್ರಿಗಳು ಕೌನ್ಸಿಲ್ ಸಭೆಗೆ ಬಂದ್ರೆ ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲರ ಹಾಗೆ ಕೈ ಎತ್ತಿ ಮಾತಾಡ್ಬೇಕು. ಈಗ ನಡೆಯೋದೆಲ್ಲ 1972ರ ಲೋಕಲ್ ಗವರ್ನಮೆಂಟ್ ಆಕ್ಟ್ ಪ್ರಕಾರ. ಇಡೀ ಇಂಗ್ಲೆಂಡಿನಲ್ಲಿ ಇಂಥವು ಸುಮಾರು 10,000 ಇವೆ.

ನಿವೃತ್ತ_ಪಿಡಿಒ:
ತಂಗಿ, "ಅಜೆಂಡಾದಾಗ ಇಲ್ಲ, ಆಗಂಗಿಲ್ಲ" ಅನ್ನೂದು ಓದಿ ನಗೀನೂ ಬಂತು, ಹೊಟ್ಟೆಕಿಚ್ಚೂ ಬಂತು. ಗದಗ ಜಿಲ್ಲಾದಾಗ ಮೊದಲು ಕಾರ್ಯದರ್ಶಿ, ಆಮ್ಯಾಲೆ ಪಿಡಿಒ ಅಂತ ಭಾಳ ವರ್ಷ ಕುರ್ಚಿ ಬಿಸಿ ಮಾಡೇನಿ. ನಮ್ಮ ಪಂಚಾಯ್ತಿ ಕಾರ್ಯಸೂಚಿ ಹ್ಯಾಂಗ ಇರತೈತಿ ಗೊತ್ತೇನ್ರಿ? ಒಂದನೇದು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಎರಡನೇದು ಜಮಾ ಖರ್ಚು. ಮೂರು, ನಾಕು, ಐದು ಸರ್ಕಾರದ ಸುತ್ತೋಲೆ. ಕಡೀಕ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು." ಮೊದಲಿನ ಐದು ವಿಷಯ ಹತ್ತು ನಿಮಿಷಕ್ಕ ಮುಗೀತಾವ, ಚಾ ಬರತೈತಿ, ಖರೇ ಸಭಾ ಶುರು ಆಗೂದ ಆ ಇತರೆ ಒಳಗ. ಬೋರ್‌ವೆಲ್ ಯಾರ ಓಣಿಗೆ, ಸಿಸಿ ರಸ್ತೆ ಎಲ್ಲಿಂದ ಎಲ್ಲೀಮಟಾ, ಎಲ್ಲಾ ಅಲ್ಲೇ. ಸಭಾಕ್ಕ ಬರದವರಿಗೆ ಮರುದಿನ ಗೊತ್ತಾಗತೈತಿ.

ನಿಮ್ಮಲ್ಲಿ ಆ 'ಇತರೆ' ಇಲ್ಲೇನು?

ಕೊಡೆಮರೆತವಳು:
ಇಲ್ಲ ಸರ್! ಇದ್ರೂ ಅಲ್ಲಿ ಮಾತಾಡ್ಬಹುದು, ಮಾಹಿತಿ ಹೇಳ್ಬಹುದು, ತೀರ್ಮಾನ ಮಾಡೋ ಹಾಗಿಲ್ಲ. ಯಾವ ವಿಷಯ ತೀರ್ಮಾನಕ್ಕೆ ಬರುತ್ತೆ ಅಂತ ನೋಟೀಸಿನಲ್ಲಿ ಮೊದಲೇ ಬರೆದಿರಬೇಕು. ಕಾರಣ ಕೇಳಿದ್ದಕ್ಕೆ ಕ್ಲರ್ಕ್ ಹೇಳಿದ್ದು ಹೆಚ್ಚುಕಮ್ಮಿ ನಿಮ್ಮ ಕೊನೆಯ ಸಾಲೇ: ಮನೇಲಿ ಕೂತವನಿಗೆ ಮರುದಿನ ಗೊತ್ತಾಗಬಾರದು, ಮೊದಲೇ ಗೊತ್ತಿರಬೇಕು, ಬೇಕಿದ್ರೆ ಬಂದು ತಕರಾರು ಮಾಡೋ ಹಾಗಿರಬೇಕು.

ಅಷ್ಟಕ್ಕೇ ಮುಗಿಯಲ್ಲ. ನೋಟೀಸು 'ಮೂರು ಪೂರ್ತಿ ದಿನ' ಮುಂಚೆ ಬೀಳಬೇಕು. ಅಕ್ಟೋಬರ್‌ನಲ್ಲಿ ತಾತ್ವಿಕವಾಗಿ ಒಪ್ಪಿದ್ವಿ. ನವೆಂಬರ್ ಸಭೆ ಮಂಗಳವಾರ ಇತ್ತು. ನಮ್ಮ ನೋಟೀಸ್ ಬೋರ್ಡು ಹಸಿರು ಬಣ್ಣದ್ದು, ಗಾಜಿನ ಬಾಗಿಲು, ಪುಟ್ಟ ಬೀಗ. ಗುರುವಾರ ಸಂಜೆ ಜಿಟಿಜಿಟಿ ಮಳೆಯಲ್ಲಿ ಕ್ಲರ್ಕ್ ಹೋಗಿದ್ದಾರೆ, ಬೀಗ ತುಕ್ಕು ಹಿಡಿದು ಕೀಲಿ ತಿರುಗಿಲ್ಲ. ಶುಕ್ರವಾರ ಬೆಳಗ್ಗೆ ಎಣ್ಣೆ ಬಿಟ್ಟು ತೆಗೆದು ಹಚ್ಚಿದ್ರು. ಶನಿವಾರ ನಿವೃತ್ತ ಮೇಷ್ಟ್ರೊಬ್ಬರು ಬೋರ್ಡಿನ ಮುಂದೆ ನಿಂತು ಬೆರಳು ಮಡಚಿ ಎಣಿಸಿದ್ರಂತೆ. ಹಚ್ಚಿದ ದಿನ ಲೆಕ್ಕಕ್ಕಿಲ್ಲ, ಸಭೆ ದಿನ ಲೆಕ್ಕಕ್ಕಿಲ್ಲ, ಭಾನುವಾರವೂ ಇಲ್ಲ. ಉಳಿದಿದ್ದು ಶನಿವಾರ, ಸೋಮವಾರ. ಎರಡೇ ದಿನ. ಸಭೆ ರದ್ದು. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಸಭೆ ಇರಲ್ಲ. ಬೆಂಚು ಜನವರಿಗೆ ಹೋಯ್ತು, ಒಂದು ಬೀಗದ ದೆಸೆಯಿಂದ.

ಕುಡ್ಲದವ:
ಇದಕ್ಕೆಲ್ಲ ಏನು ಅರ್ಥ ಉಂಟು ಹೇಳಿ. ನಮ್ಮೂರಲ್ಲಿ ಯುವಕ ಮಂಡಲದ ಹುಡುಗರಿಗೆ ಹೇಳಿದ್ರೆ ಒಂದು ಆದಿತ್ಯವಾರ ಶ್ರಮದಾನ, ಮಧ್ಯಾಹ್ನಕ್ಕೆ ಗಂಜಿ ಊಟ, ಸಂಜೆಗೆ ಬಸ್ ಸ್ಟ್ಯಾಂಡೇ ರೆಡಿ. ಬೆಂಚು ಬಿಡಿ. ದಾನಿಗಳ ಹೆಸರು ಕೂಡ ಪೈಂಟ್ ಆಗಿರ್ತದೆ.

ಕೊಡೆಮರೆತವಳು:
ನಿಜ. ನನಗೂ ಅದೇ ಇಷ್ಟ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಬಸ್ ಸ್ಟ್ಯಾಂಡಿನ ಶೀಟು ಹಾರಿ ಯಾರದೋ ತಲೆ ಮೇಲೆ ಬಿದ್ರೆ ಕೇಳೋದು ಯಾರನ್ನ? ಇಲ್ಲಿ ಕೌನ್ಸಿಲ್ ಹಾಕಿದ ಬೆಂಚು ಕೌನ್ಸಿಲ್ ಆಸ್ತಿ. ಆಸ್ತಿ ಪಟ್ಟಿಗೆ ಸೇರಿಸ್ಬೇಕು, ವಿಮೆಗೆ ಸೇರಿಸ್ಬೇಕು, ಕಾಲು ಅಲ್ಲಾಡ್ತಿದೆಯಾ ಅಂತ ಆಗಾಗ ನೋಡಿ ಬರೆದಿಡ್ಬೇಕು.

ಇನ್ನೊಂದು: ಬಸ್ ಸ್ಟಾಪಿನ ಪಕ್ಕದ ಹುಲ್ಲು ನಮ್ಮದಲ್ಲ, ರಸ್ತೆ ಅಂಚಿನ ಜಾಗ. ರಸ್ತೆ ನೋಡಿಕೊಳ್ಳೋದು ಕೌಂಟಿ ಕೌನ್ಸಿಲ್, ಅಂದ್ರೆ ಜಿಲ್ಲಾ ಕೌನ್ಸಿಲ್‌ಗೂ ಮೇಲಿನ ಹಂತದ್ದು. ರಸ್ತೆ ಬದಿ ಆಸನ, ಬಸ್ ತಂಗುದಾಣ ಮಾಡೋ ಅಧಿಕಾರ ನಮಗೆ 1957ರ ಪ್ಯಾರಿಷ್ ಕೌನ್ಸಿಲ್ಸ್ ಆಕ್ಟ್ ಕೊಟ್ಟಿದೆ, ಆದ್ರೆ ಆ ಕೌಂಟಿಯ ರಸ್ತೆ ಇಲಾಖೆ ಒಪ್ಪಬೇಕು. ಅವರ ಪತ್ರ ಬರೋಕೆ ಹತ್ತು ವಾರ ಆಯ್ತು. ಅದರಲ್ಲಿದ್ದ ಷರತ್ತು ಎರಡೇ: ರಸ್ತೆ ಅಂಚಿನಿಂದ ಹಿಂದಕ್ಕೆ ಇಡಿ, ಅಗೆಯೋ ಮುಂಚೆ ಕೆಳಗೆ ಕೇಬಲ್ ಇದೆಯಾ ನೋಡಿ.

ಲೆಕ್ಕದಪುಸ್ತಕ:
ಯಾರ್ಕ್‌ಷೈರ್‌ನಿಂದ. ಒಂದೆರಡು ಸಣ್ಣ ಕೌನ್ಸಿಲ್‌ಗಳಿಗೆ ಒಳ ಲೆಕ್ಕಪರಿಶೋಧನೆ ಮಾಡಿಕೊಡುತ್ತೇನೆ. ಮೇಡಂ ಹೇಳಿದ 'ಅಧಿಕಾರ ಕೊಟ್ಟಿದೆ' ಅನ್ನುವ ಮಾತು ಇಲ್ಲಿ ಬಹಳ ಮುಖ್ಯ. ಪ್ಯಾರಿಷ್ ಕೌನ್ಸಿಲ್ ಒಳ್ಳೆಯ ಕೆಲಸ ಅಂತ ಮನಸ್ಸಿಗೆ ಬಂದಿದ್ದಕ್ಕೆಲ್ಲ ಖರ್ಚು ಮಾಡುವ ಹಾಗಿಲ್ಲ. ಯಾವ ಕಾಯ್ದೆಯ ಯಾವ ಸೆಕ್ಷನ್ ಅನ್ನುವುದು ಗೊತ್ತಿರಬೇಕು. ಯಾವುದರಲ್ಲೂ ಬರದ ಸಣ್ಣಪುಟ್ಟ ಖರ್ಚಿಗೆ 1972ರ ಕಾಯ್ದೆಯ ಸೆಕ್ಷನ್ 137 ಇದೆ, ಅದಕ್ಕೂ ಮಿತಿ. 2024-25ರಲ್ಲಿ ಒಬ್ಬ ಮತದಾರನಿಗೆ 10.81 ಪೌಂಡ್‌ನಂತೆ ಲೆಕ್ಕ. 2011ರ ಲೋಕಲಿಸಂ ಆಕ್ಟ್ ಬಂದಮೇಲೆ ದೊಡ್ಡ ಬಾಗಿಲೊಂದು ತೆರೆಯಿತು: ಸದಸ್ಯರಲ್ಲಿ ಮೂರನೇ ಎರಡು ಪಾಲು ಚುನಾಯಿತರಾಗಿದ್ದು, ಕ್ಲರ್ಕ್ ನಿಗದಿತ ಪರೀಕ್ಷೆ ಪಾಸಾಗಿದ್ದರೆ, ಕಾನೂನು ಬೇಡ ಅನ್ನದ ಯಾವ ಕೆಲಸವನ್ನಾದರೂ ಮಾಡಬಹುದು. ಅವಿರೋಧವಾಗಿ ಬಂದವರೂ ಚುನಾಯಿತರೇ. ಆದರೆ ಕೋ-ಆಪ್ಟ್ ಆದವರು ಆ ಲೆಕ್ಕಕ್ಕೆ ಸೇರುವುದಿಲ್ಲ.

ಕೊಡೆಮರೆತವಳು:
ಅದೇ ನಮ್ಮ ಗೋಳು. ಏಳರಲ್ಲಿ ಐದು ಬೇಕು, ನಮ್ಮಲ್ಲಿ ನಾಲ್ಕೇ. ನನ್ನ ಹಾಗೆ ಹಿಂಬಾಗಿಲಿಂದ ಬಂದವರು ಮೂರು ಜನ.

ಬೀದಿದೀಪ:
ಬೆಂಗಳೂರಿನಿಂದ ಹೊಟ್ಟೆ ಉರ್ಕೊಂಡು ಓದ್ತಿದ್ದೀನಿ. ನಮ್ಮ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗ್ಲಿಲ್ಲ. ನಿಮ್ಮ ಊರಿನ ಮುನ್ನೂರು ಮನೆಗೆ ಏಳು ಜನ! ದುಡ್ಡು ಎಲ್ಲಿಂದ ಬರುತ್ತೆ? ಸರ್ಕಾರದ ಅನುದಾನವಾ?

ಕೊಡೆಮರೆತವಳು:
ಅನುದಾನ ಅಂತ ಕಾಯಂ ಏನೂ ಇಲ್ಲ. ಪ್ರಿಸೆಪ್ಟ್ ಅಂತ ಒಂದಿದೆ. ಮುಂದಿನ ವರ್ಷಕ್ಕೆ ಕ್ಲರ್ಕ್ ಸಂಬಳ ಇಷ್ಟು, ಹುಲ್ಲು ಕತ್ತರಿಸೋಕೆ ಇಷ್ಟು, ಮಕ್ಕಳ ಆಟದ ಜಾಗದ ತಪಾಸಣೆಗೆ, ವಿಮೆಗೆ ಇಷ್ಟು ಅಂತ ಚಳಿಗಾಲದಲ್ಲೇ ಕೂತು ಬಜೆಟ್ ಮಾಡ್ತೀವಿ. ಆ ಮೊತ್ತವನ್ನ ಜಿಲ್ಲಾ ಕೌನ್ಸಿಲ್‌ಗೆ ತಿಳಿಸಿದ್ರೆ, ಅವರು ಮನೆ ತೆರಿಗೆ ಜೊತೆಗೇ ವಸೂಲಿ ಮಾಡಿ ಕೊಡ್ತಾರೆ. ನಮ್ಮದು 14,000 ಪೌಂಡ್. ಮಧ್ಯಮ ಮನೆಯೊಂದಕ್ಕೆ ವರ್ಷಕ್ಕೆ 45 ಪೌಂಡ್ ಹತ್ತಿರ ಬೀಳುತ್ತೆ.

ಸಣ್ಣ ದುಡ್ಡೇ. ಆದ್ರೆ ತೆರಿಗೆ ಚೀಟಿಯಲ್ಲಿ ಪ್ಯಾರಿಷ್‌ನದ್ದು ಬೇರೆ ಸಾಲಿನಲ್ಲಿ ಕಾಣುತ್ತೆ. ಹಂಗಾಗಿ ಮೂರು ಪೌಂಡ್ ಏರಿಸಿದ್ರೂ ಪಬ್ಬಿನಲ್ಲಿ ಅಡ್ಡಗಟ್ಟಿ ಕೇಳ್ತಾರೆ. ನಮ್ಮ ಅಧ್ಯಕ್ಷರು ಏಪ್ರಿಲ್‌ನಲ್ಲಿ ಪಬ್ಬಿಗೆ ಹೋಗೋದೇ ಕಮ್ಮಿ.

ಲೆಕ್ಕದಪುಸ್ತಕ:
ಕೇಳುವ ಹಕ್ಕೂ ಇದೆ. ವರ್ಷದಲ್ಲಿ ಮೂವತ್ತು ಕೆಲಸದ ದಿನ ಲೆಕ್ಕಪತ್ರ ತೆರೆದಿಡಬೇಕು, ಅದರಲ್ಲಿ ಜುಲೈನ ಮೊದಲ ಹತ್ತು ಕೆಲಸದ ದಿನ ಸೇರಿರಲೇಬೇಕು. ಮತದಾರರು ಬಂದು ಬಿಲ್ಲು ರಸೀದಿ ನೋಡಬಹುದು. ಜಮೆಯೂ ಖರ್ಚೂ 25,000 ಪೌಂಡ್ ದಾಟದ ಕೌನ್ಸಿಲ್ ಹೊರಗಿನ ಪರಿಶೀಲನೆಯಿಂದ ವಿನಾಯಿತಿ ಪಡೆಯಬಹುದು, ಆದರೆ ಲೆಕ್ಕ ಪ್ರಕಟಿಸುವುದರಿಂದ ವಿನಾಯಿತಿ ಇಲ್ಲ. ನಾನು ನೋಡುವ ಒಂದು ಊರಿನಲ್ಲಿ ಅಜ್ಜ ಒಬ್ಬರು ಪ್ರತಿ ಜುಲೈ ಭೂತಗನ್ನಡಿ ಹಿಡಿದು ಬರುತ್ತಾರೆ. ಇದುವರೆಗೆ ಅವರಿಗೆ ಸಿಕ್ಕ ತಪ್ಪು ಒಂದೇ, ಅಂಚೆ ಚೀಟಿ ಲೆಕ್ಕದಲ್ಲಿ. ಅಜ್ಜ ಬರುತ್ತಾರೆ ಅನ್ನುವ ಭಯಕ್ಕೆ ಆ ಕ್ಲರ್ಕ್ ಪುಸ್ತಕ ಕನ್ನಡಿ ಹಾಗೆ ಇಟ್ಟಿರುತ್ತಾರೆ. ನನ್ನ ಕೆಲಸ ಅರ್ಧ ಕಮ್ಮಿ.

ನಿವೃತ್ತ_ಪಿಡಿಒ:
ಬೆಂಚಿನ ಕಥಿ ಅರ್ಧಕ್ಕ ನಿಂತತಲ್ಲ ತಂಗಿ. ಜನವರಿ ಆತು, ಪತ್ರ ಬಂತು. ಮುಂದ?

ಕೊಡೆಮರೆತವಳು:
ಮುಂದೆ ಕೊಟೇಶನ್ನು. ನಮ್ಮ ಹಣಕಾಸು ನಿಯಮದ ಪ್ರಕಾರ ಮೂರು ಕಡೆ ದರ ತರಿಸ್ಬೇಕಿತ್ತು. ಫೆಬ್ರವರಿ ಸಭೆಗೆ ಮೂರು ಬಂದಿದ್ವು. ಎರಡು ಓಕ್ ಮರದ್ದು, ಒಂದು ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು. ಓಕ್ ದರಗಳಲ್ಲಿ ಒಂದು ನಮ್ಮದೇ ಸದಸ್ಯರದ್ದು. ಅವರು ಬಡಗಿ, ಮೂವತ್ತು ವರ್ಷದ ಕಸುಬು.

ಸಭೆ ಶುರುವಾದ ತಕ್ಷಣದ ಐಟಂ 'ಹಿತಾಸಕ್ತಿ ಘೋಷಣೆ'. ಅವರು ಎದ್ದು, ಬೆಂಚಿನ ವಿಷಯದಲ್ಲಿ ನನ್ನ ದುಡ್ಡಿನ ಹಿತಾಸಕ್ತಿ ಇದೆ ಅಂತ ಹೇಳಿ ಬರೆಸಿದ್ರು. ಆ ಐಟಂ ಬಂದಾಗ ಎದ್ದು ಹೊರಗೆ ಹೋದ್ರು. ಇದು ಸೌಜನ್ಯಕ್ಕೆ ಮಾಡೋದಲ್ಲ. ಇಂಥ ಹಿತಾಸಕ್ತಿ ಮುಚ್ಚಿಟ್ಟು ಚರ್ಚೆಯಲ್ಲಿ ಕೂತು ಮತ ಹಾಕಿದ್ರೆ ಕ್ರಿಮಿನಲ್ ಅಪರಾಧ. ಆಮೇಲೆ ನಡೆದದ್ದು ನೋಡಿ: ಮರದ ಬಗ್ಗೆ ಗಂಧಗಾಳಿ ಇಲ್ಲದ ನಾವು ಆರು ಜನ ಓಕ್ ಎಷ್ಟು ವರ್ಷ ಬಾಳುತ್ತೆ, ಎಣ್ಣೆ ಎಷ್ಟು ಸಲ ಹಚ್ಬೇಕು ಅಂತ ಅರ್ಧ ಗಂಟೆ ವಾದ ಮಾಡ್ತಿದ್ರೆ, ಊರಿನಲ್ಲಿ ಅದು ಗೊತ್ತಿರೋ ಒಬ್ಬನೇ ಮನುಷ್ಯ ಆಚೆ ಪ್ಯಾಸೇಜಿನಲ್ಲಿ ಕೋಟು ಹಾಕ್ಕೊಂಡು ಎಲ್ಲರಿಗೂ ಟೀ ಮಾಡ್ತಿದ್ದ. ಬಾಗಿಲಿನ ಸಂದಿಯಿಂದ ಕೆಟಲ್ ಶಬ್ದ ಕೇಳಿಸ್ತಿತ್ತು.

ಕೈ ಎತ್ತಿಸಿದ್ರು. ಓಕ್‌ಗೆ ಮೂರು, ಪ್ಲಾಸ್ಟಿಕ್‌ಗೆ ಮೂರು. ಅಧ್ಯಕ್ಷರು ಪ್ಲಾಸ್ಟಿಕ್‌ಗೆ ಎತ್ತಿದ್ರು. ಸಮ ಆದಾಗ ಅವರಿಗೆ ಇನ್ನೊಂದು ಮತ. ಮತ್ತೆ ಪ್ಲಾಸ್ಟಿಕ್. ನಾನು ಓಕ್ ಕಡೆ ಇದ್ದವಳು.

ಬೀದಿದೀಪ:
ಒಬ್ಬನಿಗೆ ಎರಡು ಮತವಾ? ಇದ್ಯಾವ ನ್ಯಾಯ!

ಲೆಕ್ಕದಪುಸ್ತಕ:
ಕಾಯ್ದೆಯಲ್ಲೇ ಹಾಗಿದೆ. ಸಭೆ ನಡೆಸುವವರಿಗೆ ಎರಡನೇ ಮತ, ಅಂದರೆ ನಿರ್ಣಾಯಕ ಮತ. ಆದರೆ ಅಧ್ಯಕ್ಷರ ವಿಶೇಷ ಅಧಿಕಾರ ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯಿತು. ಸಭೆಯ ಹೊರಗೆ ಅವರು ಒಬ್ಬರೇ ಒಂದು ಮೊಳೆ ಕೊಳ್ಳುವ ತೀರ್ಮಾನವನ್ನೂ ಮಾಡುವ ಹಾಗಿಲ್ಲ. ಕೌನ್ಸಿಲ್ ತನ್ನ ಅಧಿಕಾರವನ್ನು ಸಮಿತಿಗೆ ಕೊಡಬಹುದು, ಕ್ಲರ್ಕ್‌ಗೆ ಕೊಡಬಹುದು, ಒಬ್ಬ ಸದಸ್ಯನಿಗೆ ಕೊಡುವಂತಿಲ್ಲ. "ಅಧ್ಯಕ್ಷರು ಹೇಳಿದರು, ಅದಕ್ಕೇ ಬಿಲ್ ಕೊಟ್ಟೆ" ಅಂತ ಕ್ಲರ್ಕ್ ಹೇಳಿದರೆ ನಾನು ಆ ಬಿಲ್ಲಿಗೆ ಕೆಂಪು ಗೆರೆ ಎಳೆಯುತ್ತೇನೆ.

ನಿವೃತ್ತ_ಪಿಡಿಒ:
ಈ ಮಾತು ಅಚ್ಚ ಹಾಕಿಸಿ ನಮ್ಮ ತಾಲ್ಲೂಕಿನ ಪ್ರತಿ ಪಂಚಾಯ್ತಿ ಗ್ವಾಡಿಗೆ ಹಚ್ಚಬೇಕ್ರಿ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆ ಸುಮಾರಿಲ್ಲ, ಛಲೋನ ಐತಿ. ಅದರಾಗೂ ಸಭಾ ಠರಾವು ಆಗಬೇಕು ಅಂತನ ಐತಿ. ಮೊದಲು ಕೆಲಸ, ಆಮ್ಯಾಲೆ ಠರಾವು ಬರಕೊಳ್ಳೂದು ನಾವು ಕಲಿಸಿದ ಚಟ. ನಾನೂ ಬರದೇನಿ, ಸುಳ್ಳ ಹೇಳಂಗಿಲ್ಲ.

ಕುಡ್ಲದವ:
ಜೂಮ್‌ನಲ್ಲಿ ಜಗಳ ಆದ ವಿಡಿಯೋ ಒಂದು ಓಡಾಡಿತ್ತಲ್ಲ, ಒಬ್ಬ ಹೆಂಗಸು ಒಬ್ಬೊಬ್ಬರನ್ನೇ ಸಭೆಯಿಂದ ಹೊರಗೆ ಹಾಕುವುದು. ಅದು ಇದೇ ಕೌನ್ಸಿಲ್ಲಾ?

ಕೊಡೆಮರೆತವಳು:
ಇಂಥದ್ದೇ, ನಮ್ಮೂರಲ್ಲ! ಅದು ಚೆಷೈರ್‌ನ ಹ್ಯಾಂಡ್‌ಫೋರ್ತ್. 2020ರ ಡಿಸೆಂಬರ್ ಸಭೆ, ವೈರಲ್ ಆಗಿದ್ದು 2021ರ ಫೆಬ್ರವರಿಯಲ್ಲಿ. ನೀವು ಹೇಳಿದ ಹೆಂಗಸು ಜಾಕಿ ವೀವರ್. ಅವರು ಆ ಕೌನ್ಸಿಲ್ ಸದಸ್ಯೆ ಅಲ್ಲ, ಕೌಂಟಿಯ ಕೌನ್ಸಿಲ್‌ಗಳ ಸಂಘದಿಂದ ಸಭೆಗೆ ನೆರವಾಗೋಕೆ ಬಂದಿದ್ರು. ಜಗಳದ ಬೇರು ಒಂದೇ ಪ್ರಶ್ನೆ: ಈ ಸಭೆಯಲ್ಲಿ ಅಧಿಕಾರ ಯಾರದ್ದು? ಎಲ್ಲರೂ ನಕ್ಕರು. ನಮ್ಮ ಕ್ಲರ್ಕ್ ನಗಲಿಲ್ಲ. ಅವರ ಪ್ರಕಾರ ಪ್ರತಿ ಊರಿನಲ್ಲೂ ಕ್ಯಾಮೆರಾ ಇಲ್ಲದೆ ಇದೇ ನಡೆಯುತ್ತೆ. ಕೋವಿಡ್‌ಗೆ ಕೊಟ್ಟಿದ್ದ ಆನ್‌ಲೈನ್ ಅವಕಾಶ 2021ರ ಮೇ 7ಕ್ಕೆ ಮುಗೀತು, ಈಗ ನಾವೆಲ್ಲ ಮತ್ತೆ ಹಾಲ್‌ಗೇ ಬರ್ತೀವಿ.

ಬೀದಿದೀಪ:
ಬೆಂಚು ಸರಿ. ದೊಡ್ಡ ವಿಷಯ ಬಂದಾಗ? ಊರ ಪಕ್ಕ ಲೇಔಟ್ ಮಾಡ್ತೀನಿ ಅಂತ ಬಿಲ್ಡರ್ ಬಂದ್ರೆ ತಡೀತೀರಾ?

ಕೊಡೆಮರೆತವಳು:
ಇಲ್ಲ. ಇದು ಜನಕ್ಕೆ ಅರ್ಥ ಮಾಡ್ಸೋದೇ ಕಷ್ಟ. ಹೋದ ವರ್ಷ ಹೊಲದಲ್ಲಿ ನಲವತ್ತು ಮನೆ ಕಟ್ಟೋ ಅರ್ಜಿ ಬಂತು. ಬೇರೆ ದಿನ ನಾಲ್ಕು ಜನ ಬಂದ್ರೆ ಹೆಚ್ಚು ಅನ್ನೋ ಹಾಲ್‌ನಲ್ಲಿ ನಿಲ್ಲೋಕೆ ಜಾಗ ಇಲ್ಲ. ಎಲ್ಲರ ಬಾಯಲ್ಲೂ ಒಂದೇ: ತಿರಸ್ಕರಿಸಿ. ತಿರಸ್ಕರಿಸೋ ಅಧಿಕಾರ ನಮಗಿಲ್ಲ, ಅದು ಜಿಲ್ಲಾ ಕೌನ್ಸಿಲ್‌ದು. ನಾವು 21 ದಿನದೊಳಗೆ ಅಭಿಪ್ರಾಯ ಕಳಿಸ್ಬಹುದು ಅಷ್ಟೇ. ಅದರಲ್ಲೂ "ನಮ್ಮ ಕಿಟಕಿಯಿಂದ ನೋಟ ಹಾಳಾಗುತ್ತೆ", "ಮನೆ ಬೆಲೆ ಬೀಳುತ್ತೆ" ಅಂತ ಬರೆದ್ರೆ ಕಸದ ಬುಟ್ಟಿಗೆ. ರಸ್ತೆ ತಿರುವಿನಲ್ಲಿ ಎದುರು ಬರೋ ಗಾಡಿ ಕಾಣಲ್ಲ, ಚರಂಡಿ ತುಂಬಿ ಹರಿಯುತ್ತೆ ಅಂದ್ರೆ ತೂಕ ಇದೆ. ಕೊನೆಗೆ ಮೂರು ಜನ ರಬ್ಬರ್ ಬೂಟ್ ಹಾಕ್ಕೊಂಡು ಹೋಗಿ, ಮಳೆ ಬಂದ ಮರುದಿನ ಆ ಹೊಲದ ಗೇಟಿನ ಹತ್ರ ನೀರು ನಿಂತ ಫೋಟೋ ತೆಗೆದು ಕಳಿಸಿದ್ವಿ. ಮನೆಗಳಿಗೆ ಒಪ್ಪಿಗೆ ಸಿಕ್ತು, ಆದ್ರೆ ನೀರು ಹೋಗೋಕೆ ಹೊಂಡ ಮಾಡಿಯೇ ಕಟ್ಬೇಕು ಅನ್ನೋ ಷರತ್ತೂ ಬಿತ್ತು. ಊರಿನವರ ಪಾಲಿಗೆ ನಾವು ಸೋತವರು.

ನಿವೃತ್ತ_ಪಿಡಿಒ:
ನಿಮ್ಮಲ್ಲಿ ಗ್ರಾಮಸಭಾ ಅಂತ ಏನರ ಐತೇನು?

ಕೊಡೆಮರೆತವಳು:
ಇದೆ ಸರ್, ಆನ್ಯುಯಲ್ ಪ್ಯಾರಿಷ್ ಮೀಟಿಂಗ್. ಮಾರ್ಚ್ 1ರಿಂದ ಜೂನ್ 1ರೊಳಗೆ ಆಗ್ಬೇಕು, ಸಂಜೆ ಆರಕ್ಕಿಂತ ಮುಂಚೆ ಶುರು ಮಾಡೋ ಹಾಗಿಲ್ಲ, ಕೆಲಸಕ್ಕೆ ಹೋದವರೂ ಬರ್ಲಿ ಅಂತ. ಅದು ಕೌನ್ಸಿಲ್ ಸಭೆ ಅಲ್ಲ, ಮತದಾರರ ಸಭೆ. ಊರಿನ ಯಾವ ಮತದಾರರು ಬೇಕಾದ್ರೂ ಮಾತಾಡ್ಬಹುದು, ಮತವನ್ನೂ ಹಾಕ್ಬಹುದು. ಈ ಸಲ ಬಂದವರು ಹನ್ನೊಂದು ಜನ. ಅದರಲ್ಲಿ ನಾವೇ ಏಳು.

ನಿವೃತ್ತ_ಪಿಡಿಒ:
ಹಂಚೂದು ಏನೂ ಇಲ್ಲ, ಅದಕ್ಕ ಬರಂಗಿಲ್ಲ. ನಮ್ಮಲ್ಲಿ ಮನಿ ಫಲಾನುಭವಿ ಪಟ್ಟಿ ಐತಿ ಅಂತ ಡಂಗುರ ಹೊಡಸ್ರಿ, ಗುಡಿ ಕಟ್ಟಿ ತುಂಬಿ ರಸ್ತೆಕ್ಕ ಬರತಾರ. ಬರೇ ಜಮಾ ಖರ್ಚು ಓದತೀವಿ ಅಂದ್ರ ನಾನು, ಅಧ್ಯಕ್ಷರು, ವಾಟರ್‌ಮ್ಯಾನ್ ಮೂರ ಮಂದಿ.

ನಾಟಿಂಗ್‌ಹ್ಯಾಮ್_ಹೊಸಬ:
ತಡವಾಗಿ ಬಂದೆ. ನಮ್ಮ ಹಳ್ಳಿಯ ಬೋರ್ಡಿನಲ್ಲೂ ಸ್ಥಾನ ಖಾಲಿ ನೋಟೀಸು ನೋಡಿದೆ. ನನ್ನದು ಇಂಡಿಯನ್ ಪಾಸ್‌ಪೋರ್ಟ್. ಅರ್ಜಿ ಹಾಕೋಕೆ ಬರುತ್ತಾ ಅಕ್ಕಾ? ಬೆಂಚು ಕೊನೆಗೆ ಹೇಗಿದೆ?

ಕೊಡೆಮರೆತವಳು:
ಬರಬಹುದು. ಭಾರತದವರು ಕಾಮನ್‌ವೆಲ್ತ್ ಪ್ರಜೆಗಳು. ನಿಮಗೆ ಇಲ್ಲಿ ಕಾಯಂ ವಾಸದ ಅನುಮತಿ, ಐಎಲ್‌ಆರ್ ಇದ್ರೆ ಸದಸ್ಯರಾಗಬಹುದು. ಕೆಲಸದ ವೀಸಾದಲ್ಲಿದ್ರೆ ಮತ ಹಾಕ್ಬಹುದು, ಸದಸ್ಯರಾಗೋಕಾಗಲ್ಲ. ಹದಿನೆಂಟು ತುಂಬಿರಬೇಕು. ಊರಿನ ಮತದಾರರ ಪಟ್ಟಿಯಲ್ಲಿರಬೇಕು, ಇಲ್ಲವೇ ಹನ್ನೆರಡು ತಿಂಗಳಿಂದ ಊರಲ್ಲಿ ಅಥವಾ ಊರಿಂದ ಮೂರು ಮೈಲಿಯೊಳಗೆ ವಾಸ ಇರಬೇಕು, ಅಥವಾ ಅಷ್ಟೇ ಕಾಲದಿಂದ ಮುಖ್ಯ ಕೆಲಸ ಊರೊಳಗಿರಬೇಕು. ಅದೇ ಕೌನ್ಸಿಲ್‌ನಲ್ಲಿ ಸಂಬಳಕ್ಕಿದ್ರೆ ಆಗಲ್ಲ. ಸೇರಿದ ಮೇಲೆ 28 ದಿನದೊಳಗೆ ನಿಮ್ಮ ಕೆಲಸ, ಜಮೀನು, ಮನೆ, ಎಲ್ಲ ಹಿತಾಸಕ್ತಿ ಬರೆದುಕೊಡ್ಬೇಕು, ಅದು ಸಾರ್ವಜನಿಕ. ಕಾರಣ ಒಪ್ಪಿಸದೆ ಆರು ತಿಂಗಳು ಸಭೆಗೆ ಹೋಗ್ದಿದ್ರೆ ಸ್ಥಾನ ತಾನಾಗೇ ಹೋಗುತ್ತೆ.

ಅರ್ಜಿ ಹಾಕೋ ಮುಂಚೆ ಒಂದು ಸಭೆಗೆ ಹೋಗಿ ಹಿಂದೆ ಕೂತು ನೋಡಿ. ದಪ್ಪ ಸ್ವೆಟರ್ ಇರಲಿ, ಹಳ್ಳಿ ಹಾಲ್‌ಗಳ ಹೀಟರು ನಂಬೋ ಹಾಗಿಲ್ಲ.

ಬೆಂಚು ಬೂದು ಬಣ್ಣ, ನೋಡೋಕೆ ಅಂಥ ಚೆಂದ ಏನಿಲ್ಲ. ಬಡಗಿ ಸದಸ್ಯರೇ ದುಡ್ಡು ತಗೊಳ್ದೆ ಬಂದು ಕಾಲು ಹೂತು ಕೊಟ್ರು. ಹಿತ್ತಾಳೆ ಫಲಕದಲ್ಲಿ ಆ ತಾಯಿಯ ಹೆಸರು ಮಾತ್ರ ಇರಲಿ ಅಂತ ಮೇ ಸಭೆಯಲ್ಲಿ ತೀರ್ಮಾನ ಆಯ್ತು, ಅದಕ್ಕೂ ನಲವತ್ತು ನಿಮಿಷ ಹಿಡೀತು. ನಿನ್ನೆ ಬೆಳಗ್ಗೆ ಬಸ್ಸು ಹಿಡಿಯೋಕೆ ಹೋದಾಗ ಅವರ ಮಗಳು ಅಲ್ಲಿ ಕೂತಿದ್ರು, ಪಕ್ಕದಲ್ಲಿ ಎರಡು ತರಕಾರಿ ಚೀಲ. ಜರುಗಿ ಜಾಗ ಕೊಟ್ರು.